ಅಟ್ಟದ ಮೇಲಿನ ಮೂರು ಮರಿಗಳು

ಮೂರನೇ ತರಗತಿಯ ಮೇಷ್ಟರಿಗೆ ಎರಡು ವರ್ಷದಿಂದ ಕೊಠಡಿಯಿರಲಿಲ್ಲ. ಜಗಲಿಯ ತುದಿಯಲ್ಲಿ, ಮುರಿದ ಬೆಂಚು ತುಂಬಿದ್ದ ಹಳೆಯ ಕೋಣೆಯ ಬಾಗಿಲಿಗೆ ಕಪ್ಪುಹಲಗೆ ಒರಗಿಸಿಕೊಂಡು ಪಾಠ ಮಾಡುತ್ತಿದ್ದರು. ಗಾಳಿ ಬೀಸಿದರೆ ಕಾಪಿ ಪುಸ್ತಕಗಳು ಅಂಗಳಕ್ಕೆ ಹಾರುತ್ತಿದ್ದವು, ಹಿಂದೆಯೇ ಮಕ್ಕಳೂ.

ಅವತ್ತು ಬೆಳಿಗ್ಗೆ ಹೆಡ್‌ಮೇಡಂ ಕರೆದು, "ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರ್ತಾರೆ. ಇಲ್ಲಿನ ಪ್ರಾಣಿಗಳ ಬಗ್ಗೆ ಮಕ್ಕಳೇ ಮಾಡಿದ ವಿಡಿಯೋ ನೋಡ್ಬೇಕಂತೆ. ಮೆಚ್ಚಿದ್ರೆ ಆ ಹಳೇ ಕೋಣೆ ನಿಮಗೇ," ಎಂದರು.

ಇದ್ದದ್ದು ಮೇಷ್ಟರ ಒಂದೇ ಫೋನು. ಮಕ್ಕಳು ಗುಂಪುಗುಂಪಾಗಿ ಸರದಿಯ ಮೇಲೆ ಅದನ್ನು ಹಿಡಿದು ಹೊರಟರು. ಅಳಿಲಿನ ಗುಂಪಿನವರು ಅಳಿಲು ಓಡಿಹೋದ ಮೇಲೆ ಉಳಿದ ಕೊಂಬೆಯನ್ನು ಬಹಳ ಚೆನ್ನಾಗಿ ಹಿಡಿದರು. ಕಪ್ಪೆಯ ಗುಂಪಿನವರಿಗೆ ಕಪ್ಪೆ ಸಿಕ್ಕಿತು. ಅದು ಫೋನಿನ ಮೇಲೇ ಕೂತಿದ್ದರಿಂದ ವಿಡಿಯೋ ತುಂಬ ಬರೀ ಹೊಟ್ಟೆ. ಹನ್ನೊಂದು ಗಂಟೆಗೆ ಮೇಷ್ಟರ ಮುಖ ಹಿಂಡಿದ ನಿಂಬೆಹಣ್ಣಾಗಿತ್ತು.

ಆಗ ಯಾರೋ ಅಂಗಿ ಎಳೆದರು. ಹಾಜರಿ ಕೂಗಿದರೂ ಬಾಯಿಬಿಡದೆ ಕೈ ಮಾತ್ರ ಎತ್ತುವ ಹುಡುಗಿ. ಕ್ಲಾಸಿನವರ ಪಾಲಿಗೆ 'ಗಪ್‌ಚುಪ್'. ಅವಳು ಕೋಣೆಯ ಬಾಗಿಲ ಸಂದಿ ತೋರಿಸಿದಳು. ಒಳಗೆ ಅಟ್ಟದ ಮೇಲೆ ಬಿಳಿ ಮುಖದ ಗೂಬೆ, ಪಕ್ಕದಲ್ಲಿ ಹತ್ತಿಯ ಉಂಡೆಗಳಂಥ ಮೂರು ಮರಿ.

ಸುದ್ದಿ ಹಬ್ಬಿತು. "ಪೊರಕೆ ತರ್ಲಾ ಸಾರ್?" ಎಂದು ಜವಾನ ಬಂದ. "ನೀವು ಹತ್ತಿ, ಏಣಿ ನಾನು ಹಿಡ್ಕೋತೀನಿ," ಎಂದು ಗುಮಾಸ್ತರು ಬಂದರು. ಮೇಷ್ಟರು ಫೋನು ಹಿಡಿದು ಕೊನೆಯ ಮೆಟ್ಟಿಲೇರಿದ್ದರು, ಅಷ್ಟೇ. ಆಫೀಸಿನಲ್ಲಿ ಗುಮಾಸ್ತರನ್ನು ಕರೆಯುವ ಗಂಟೆ ಬಡಿಯಿತು. ಗುಮಾಸ್ತರು ಏಣಿ ಬಿಟ್ಟು ಓಡಿದರು. ಏಣಿ ಜಾರಿತು. ಮೇಷ್ಟರು ಒಂದೇ ಕೈಯಲ್ಲಿ ಅಟ್ಟದ ತೊಲೆಗೆ ಒಗೆದ ಪ್ಯಾಂಟಿನಂತೆ ನೇತಾಡಿದರು.

"ಸಾರ್, ಕಿರುಚ್ಬೇಡಿ! ಮರಿ ಹೆದರ್ತವೆ!"

ಗಪ್‌ಚುಪ್ ಮಾತಾಡಿದ್ದಳು! ಮೇಷ್ಟರು ಕಿರುಚಾಟವನ್ನು ನುಂಗಿ, "ಗೂಬೆ ಬಗ್ಗೆ ಹೇಳಮ್ಮ... ವಿಡಿಯೋ ಓಡ್ತಿದೆ," ಎಂದು ಪಿಸುಗುಟ್ಟಿದರು.

"ಇದು ಹಗಲೆಲ್ಲ ಸುಮ್ನೆ ಕೂತಿರುತ್ತೆ. ಪೆದ್ದು ಅನ್ಕೋಬೇಡಿ. ಸುಮ್ನಿರೋರಿಗೆ ಜಾಸ್ತಿ ಕೇಳ್ಸುತ್ತೆ. ಈ ಮರಿಗಳಿಗೆ ಬೇರೆ ಮನೆ ಇಲ್ಲ. ದಯವಿಟ್ಟು ಈ ಕೋಣೆ ಯಾರೂ ತಗೋಬೇಡಿ."

ಅವಳು ಮುಗಿಸುವವರೆಗೆ, ಇಡೀ ಒಂದು ನಿಮಿಷ, ಮೇಷ್ಟರು ಕೈ ಬಿಡಲಿಲ್ಲ. ಆಮೇಲೆ ಬೆಂಚುಗಳ ಮೇಲೆ ಬಿದ್ದರು, ನೇತಾಡಿದ ಕೈ ಮತ್ತೆ ಮೇಲೇಳಲಿಲ್ಲ.

ಊಟದ ಹೊತ್ತಿನಲ್ಲಿ ಒಬ್ಬರೇ ಕೂತು ವಿಡಿಯೋ ನೋಡಿದರು. ಕೊನೆಯ ಒಂದು ವಾಕ್ಯ ಕತ್ತರಿಸಿದರೆ ಯಾರಿಗೂ ತಿಳಿಯದು. ಬೆರಳು ಅಲ್ಲಿಯವರೆಗೂ ಹೋಯಿತು.

"ನನ್ ದನಿ ಚೆನ್ನಾಗಿದ್ಯಾ ಸಾರ್?" ಪಕ್ಕದಲ್ಲಿ ಹುಡುಗಿ ನಿಂತಿದ್ದಳು.

"ತುಂಬ ಚೆನ್ನಾಗಿದೆ ಮಗು," ಎಂದು ಮೇಷ್ಟರು ಬೆರಳು ತೆಗೆದರು. ಗಾಳಿಯಾದರೇನು, ಎರಡು ವರ್ಷ ಕಳೆದ ಜಗಲಿ ಹೇಗೂ ಇದೆ.

ಮಧ್ಯಾಹ್ನ ವಿಡಿಯೋ ಮುಗಿದಾಗ ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆ ಕೋಣೆಗೆ ಬೀಗ ಹಾಕಿ. ಗೂಬೆ ಇರೋವರೆಗೂ ತೆಗೀಕೂಡದು. ಮೇಷ್ಟ್ರೇ, ನಿಮಗೇನೂ ಬೇಜಾರಿಲ್ಲ ತಾನೆ?"

"ಇಲ್ಲ ಸಾರ್. ನಮಗೆ ಆ ಜಗಲೀನೇ ಸಾಕು."

"ಯಾವ ಜಗಲಿ? ಆ ಬಾಗಿಲ ಮುಂದಿರೋದಾ?" ಇನ್‌ಸ್ಪೆಕ್ಟರು ಹೌಹಾರಿದರು. "ಬಾಣಂತಿ ಗೂಬೆ ಪಕ್ಕದಲ್ಲಿ ನಲವತ್ತು ಮಕ್ಕಳ ಮಗ್ಗಿನಾ? ನಾಳೆಯಿಂದ ಸೈಕಲ್ ಶೆಡ್ಡಿಗೆ ಹೋಗಿ!"

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟರೂ ತಟ್ಟಿದರು, ಎತ್ತಲು ಬರುತ್ತಿದ್ದ ಒಂದೇ ಕೈಯಿಂದ, ತೊಡೆಯ ಮೇಲೆ.