ಗಾದಿಗೆ ಎರಡೇ ಮಗ್ಗುಲು

ಹುಮನಾಬಾದಿನಲ್ಲಿ ಧೂಳಿಗೆ ಹೆದರದವರು ಯಾರೂ ಇಲ್ಲ. ಬೇಸಿಗೆಯಲ್ಲಿ ಒಮ್ಮೆ ಗಾಳಿ ಎದ್ದಿತೆಂದರೆ ಕೆಂಪು ಮಣ್ಣು ಊಟದ ತಾಟಿನವರೆಗೂ ಬಂದು ಕೂಡುತ್ತದೆ. ಆದರೆ ನಮ್ಮ ದೊಡ್ಡವ್ವನ ಮನೆಯ ಮಟ್ಟಿಗೆ ಎಲ್ಲವೂ ತಿರುವುಮುರುವು. ಅಲ್ಲಿ ಧೂಳೇ ದೊಡ್ಡವ್ವನಿಗೆ ಹೆದರುತ್ತಿತ್ತು! ಓಣಿಯ ತನಕ ಬಂದು, ಅವಳ ಬಾಗಿಲು ಕಂಡು, ಹಾಗೇ ಎದುರುಮನೆಯ ಶಾಂತಾಬಾಯಿಯ ಕಡೆಗೆ ಹೊರಳುತ್ತಿತ್ತು. ಸುಳ್ಳೆನಿಸಿದರೆ ಶಾಂತಾಬಾಯಿಯನ್ನೇ ಕೇಳಬಹುದಿತ್ತು. ದಿನಕ್ಕೊಮ್ಮೆಯಾದರೂ ದೊಡ್ಡವ್ವ ಅವಳಿಗೆ ಈ ಮಾತು ಹೇಳಿಯೇ ಹೇಳುತ್ತಿದ್ದಳು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಅಂಗಳದಲ್ಲಿ ಸೇದುವ ಬಾವಿ, ಬಾವಿಯ ಮಗ್ಗುಲಿಗೆ ಒಗೆಯುವ ಕಲ್ಲು ಇವೆ ಎಂದು ತಿಳಿದ ಮೇಲೆಯೇ ಆ ಮನೆಯ ಸಂಬಂಧಕ್ಕೆ ಹೂಂ ಎಂದಳಂತೆ. ವರನನ್ನು ಆಮೇಲೆ ವಿಚಾರಿಸಿದರಂತೆ. ಬಂದವರು ಯಾರೇ ಇರಲಿ, ಹೊಸ್ತಿಲ ಹೊರಗಿನ ಹಾಸುಗಲ್ಲಿನ ಮೇಲೆ ನಿಂತು ಮೂರು ಸಲ ಕಾಲು ತೊಳೆಯಬೇಕು. ಒಂದು ಸಲ ಹಾದಿಯ ಧೂಳಿಗೆ, ಇನ್ನೊಂದು ಸಲ ಬಸ್ಸಿನ ಧೂಳಿಗೆ, ಮೂರನೆಯದು ಸಂಶಯಕ್ಕೆ. ಪೇಟೆಯಿಂದ ತಂದ ಕಾಯಿಪಲ್ಯೆಯನ್ನು ಎಲ್ಲರೂ ತೊಳೆಯುತ್ತಾರೆ. ದೊಡ್ಡವ್ವ ಪಲ್ಯೆಯ ಚೀಲವನ್ನೂ, ಚೀಲ ಹಿಡಿದು ಬಂದ ದೊಡ್ಡಪ್ಪನನ್ನೂ ತೊಳೆಸುತ್ತಿದ್ದಳು. ದೊಡ್ಡಪ್ಪನಿಗೆ ಮಾಣಿಕನಗರದಲ್ಲಿ ತೆಂಗಿನಕಾಯಿ, ಊದುಬತ್ತಿಯ ಸಣ್ಣ ಅಂಗಡಿ. ಬಹಳ ಶಾಂತ ಮನುಷ್ಯ. ಲಗ್ನದಾಗ ನಾ ಕರ್ರಗಿದ್ದೆ, ತೊಳೆದು ತೊಳೆದು ಈ ಬಣ್ಣಕ್ಕ ಬಂದೀನಿ ಎಂದು ಗಿರಾಕಿಗಳಿಗೆ ಹೇಳುತ್ತ ಕಾಯಿ ಮಾರುತ್ತಿದ್ದ. ಅವನು ಹೊಸದಾಗಿ ಟ್ರಾನ್ಸಿಸ್ಟರ್ ರೇಡಿಯೋ ತಂದಾಗ, ಎಲ್ಲೆಲ್ಲಿಯವರೋ ಮಾತಾಡಿ ಬಿಟ್ಟ ವಸ್ತು ಎಂದು ದೊಡ್ಡವ್ವ ಅದನ್ನು ಒದ್ದೆ ಬಟ್ಟೆಯಿಂದ ಹೊರಗೂ ಒಳಗೂ ಒರೆಸಿದಳು. ಅದು ಬಹಳ ದಿನ ಮೌನವಾಗಿತ್ತು. ಮುಂದೆ ಬಾಯಿ ಬಿಟ್ಟಾಗ ಬರೀ ಮರಾಠಿ ಮಾತಾಡಿತು.

ಇಂಥವಳ ಮನೆಯಲ್ಲಿ ಹಾಸಿಗೆ ಹೇಗಿರಬೇಕು? ಹತ್ತಿಯ ಗಾದಿ, ಅದರ ಮೇಲೆ ನೀಲಿ ಹಾಕಿ ಒಗೆದು, ಮಡಿಚಿ, ಟ್ರಂಕಿನ ಅಡಿಯಲ್ಲಿಟ್ಟು ನೆರಿಗೆ ತೆಗೆದ ಬಿಳಿ ಚಾದರ. ಮಲಗಿದವರು ಮಗ್ಗುಲು ಬದಲಿಸಲೂ ಅಂಜಬೇಕು. ಎಷ್ಟೋ ಮಂದಿ ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿ, ಬೆಳಿಗ್ಗೆ ಹಾಸಿಗೆಯ ಮೇಲೆಯೇ ಮಲಗಿದ್ದೆವೆಂದು ಹೇಳಿ ಹೋಗಿದ್ದಾರೆ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ಈ ಮನೆಗೆ ನನ್ನ ಮಗಳು ಮುನ್ನಿಯನ್ನು ಕರೆದುಕೊಂಡು ಹೋಗಬೇಕಾಯಿತು. ಮುನ್ನಿಗೆ ಆಗ ಆರು ವರ್ಷ. ಹಗಲೆಲ್ಲ ಜಾಣೆ, ರಾತ್ರಿ ಮಾತ್ರ ಹಾಸಿಗೆ ಒದ್ದೆಯಾಗುತ್ತಿತ್ತು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಅದು ದೊಡ್ಡ ಸಂಗತಿಯಾಗಿರಲಿಲ್ಲ. ಅತ್ತೆ ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿ ತಿನ್ನಿಸುತ್ತಿದ್ದರು. ಎಳ್ಳುಂಡೆಯ ಆಸೆಗೆ ಮುನ್ನಿ ಬೇನೆ ಬಿಡಲೊಲ್ಲಳು ಎಂದು ಮಾವನವರು ನಗುತ್ತಿದ್ದರು. ಬೆಳೆದಂತೆ ತಾನೇ ಹೋಗುತ್ತದೆ ಎಂದು ಡಾಕ್ಟರರೂ ಹೇಳಿದ್ದರು.

ತೊಂದರೆಯಾದದ್ದು ಪರರ ಮನೆಯಲ್ಲಿ. ಅದರ ಹಿಂದಿನ ಶಾಲೆಯ ಸೂಟಿಯಲ್ಲಿ ನಾರಾಯಣಪುರದ ಬಂಧುಗಳ ಮನೆಗೆ ಹೋಗಿದ್ದಾಗ ಅಲ್ಲಿಯ ಹುಡುಗರು ಬೆಳಿಗ್ಗೆ ಅವಳ ಹಾಸಿಗೆಯ ಸುತ್ತ ನಿಂತು, ಊರಿಗೆ ಹೊಸ ಕೆರೆ ಬಂತೆಂದು ಚಪ್ಪಾಳೆ ತಟ್ಟಿದ್ದರು. ದೊಡ್ಡವರೂ ನಕ್ಕಿದ್ದರು. ಮುನ್ನಿ ಅಳಲಿಲ್ಲ. ಮನೆಗೆ ಬಂದ ಮೇಲೆ ಮಲಗುವುದನ್ನೇ ಬಿಟ್ಟಳು. ಗೋಡೆಗೆ ಆತು ಕೂತು ನಿದ್ದೆ ಮಾಡುತ್ತಿದ್ದಳು. ಕೂತರೆ ಹಾಗಾಗುವುದಿಲ್ಲ ಎಂದು ಅವಳೇ ಕಂಡುಕೊಂಡ ಉಪಾಯ. ಆ ಸಣ್ಣ ಕುತ್ತಿಗೆ ಪಕ್ಕಕ್ಕೆ ವಾಲುವುದನ್ನು ನೋಡಲಾಗದೆ ನಾನು ಎತ್ತಿ ಮಲಗಿಸಿದರೆ, ಎಚ್ಚರಾಗಿ ಮತ್ತೆ ಎದ್ದು ಕೂಡುತ್ತಿದ್ದಳು.

ಅಂಥದ್ದರಲ್ಲಿ ದೊಡ್ಡವ್ವನ ಕರೆ ಬಂತು. ಹುಮನಾಬಾದ್ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದಳು: ಈ ಸೂಟಿಗೆ ನೀವು ಬರದಿದ್ದರೆ ನಾನೇ ಬರುತ್ತೇನೆ. ಅವಳು ಹಿಂದೊಮ್ಮೆ ಬಂದಾಗ ನಮ್ಮ ಗೋಡೆಗಳನ್ನು ತಿಕ್ಕಿದ ರಭಸಕ್ಕೆ ಸುಣ್ಣವೆಲ್ಲ ಉದುರಿ ಇಟ್ಟಂಗಿ ಕಂಡಿದ್ದವು. ನನ್ನ ಯಜಮಾನರು ಆ ಸಂದೇಶ ಕೇಳಿದ್ದೇ ಚೀಲ ತಂದು ನನ್ನ ಮುಂದಿಟ್ಟರು.

ಬಸ್ಸಿನಲ್ಲಿ ಮುನ್ನಿ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು:

"ಅವ್ವಾ, ಆಯಿಗಿ ಹೇಳಬ್ಯಾಡ."

ದೊಡ್ಡವ್ವನಿಗೆ ಅವಳು ಆಯಿ, ಅಂದರೆ ಅಜ್ಜಿ, ಎನ್ನುತ್ತಿದ್ದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗ ಅದು ಎಷ್ಟು ಭಾರದ ಮಾತೆಂದು ನನಗೆ ಗೊತ್ತಿರಲಿಲ್ಲ.

ಮೊದಲ ರಾತ್ರಿಗೆ ನನ್ನ ಹತ್ತಿರ ಉಪಾಯವಿತ್ತು. ಸೀರೆಗಳ ಮಡಿಕೆಯಲ್ಲಿ ಮುಚ್ಚಿ ತಂದ ಮೇಣಬಟ್ಟೆಯನ್ನು ಚಾದರದ ಕೆಳಗೆ ಹಾಸಿದೆ. ನೀರು ಇಳಿಯುವುದಿಲ್ಲ, ಸರಿ. ಆದರೆ ಅದು ಮಾತಾಡುತ್ತದೆ ಎಂಬುದು ಮರೆತಿತ್ತು. ಮುನ್ನಿ ಒಮ್ಮೆ ಹೊರಳಿದರೆ ಕರಕರ, ನಾನು ಹೊರಳಿದರೆ ಚರಚರ. ಪಕ್ಕದ ಕೋಣೆಯಿಂದ ದೊಡ್ಡವ್ವನ ದನಿ ಬಂತು.

"ಏನದು, ಕರಕರ ಅನ್ನಾಕತ್ತದ?"

"ಇಲಿ ಇರಬೇಕು ದೊಡ್ಡವ್ವ" ಎಂದುಬಿಟ್ಟೆ.

ಆ ಮನೆಯಲ್ಲಿ ಇಲಿ ಎನ್ನುವುದೂ, ತುಂಬಿದ ಸಂತೆಯಲ್ಲಿ ಹುಲಿ ಎನ್ನುವುದೂ ಒಂದೇ! ಕ್ಷಣದಲ್ಲಿ ದೀಪಗಳೆಲ್ಲ ಹತ್ತಿದವು. ದೊಡ್ಡಪ್ಪನನ್ನು ಎಬ್ಬಿಸಿ ಕೈಗೆ ಕೋಲು ಕೊಡಲಾಯಿತು. ಟ್ರಂಕುಗಳು ಸರಿದವು, ಕಾಳಿನ ಡಬ್ಬಿಗಳು ಅಂಗಳಕ್ಕೆ ಬಂದವು. ಎಲ್ಲರೂ ಎದ್ದದ್ದರಿಂದ ಮುನ್ನಿಯೂ ಎದ್ದಳು, ಬಚ್ಚಲಿಗೂ ಹೋಗಿ ಬಂದಳು. ಆ ರಾತ್ರಿ ಯಾರೂ ಮಲಗಲೇ ಇಲ್ಲವಾಗಿ ಗಾದಿ ಒಣಗಿಯೇ ಉಳಿಯಿತು. ಮರುದಿನ ದೊಡ್ಡವ್ವ ಇಲಿ ಹಿಡಿಯಲೆಂದು ಯಾರದೋ ಮನೆಯ ಬೆಕ್ಕನ್ನು ತರಿಸಿ, ಒಳಗೆ ಬಿಡುವ ಮೊದಲು ಅದಕ್ಕೆ ಸೀಗೆಕಾಯಿ ಹಚ್ಚಿ ಎರೆದಳು. ಬೆಕ್ಕು ಆಮೇಲೆ ಆ ಓಣಿಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಮೇಣಬಟ್ಟೆಯನ್ನು ಮತ್ತೆ ಹಾಸುವ ಧೈರ್ಯ ನನಗೆ ಬರಲಿಲ್ಲ. ಎರಡನೆಯ ರಾತ್ರಿ ಅದರ ಬದಲು ಹಳೆಯ ಸೀರೆ ಮಡಿಚಿ ಹಾಕಿದೆ. ಸಂಜೆಯಿಂದ ನೀರು ಕೊಡಬಾರದೆಂದೂ ಕಾವಲು ಕೂತೆ. ಆದರೆ ದೊಡ್ಡಪ್ಪ ಅಂಗಡಿಯಿಂದ ಬರುವಾಗ ಹೆಗಲ ಮೇಲೆ ಒಂದು ಕಲ್ಲಂಗಡಿ ಹೊತ್ತು ಬಂದ. ಮೊಮ್ಮಗಳು ಬಂದಿದ್ದಾಳೆ ಎಂಬ ಸಂಭ್ರಮ ಅವನಿಗೆ. ಹೋಳು ಮುಗಿದಂತೆ ಇನ್ನೊಂದು ಹೋಳು. ನಾನು ಬೇಡವೆಂದಷ್ಟೂ ಅವನು ಉಪಚಾರವೆಂದು ತಿಳಿದ. ಕಲ್ಲಂಗಡಿಯಲ್ಲಿ ಇರುವುದಾದರೂ ಏನು? ಕೆಂಪು ಬಣ್ಣದ ನೀರು!

ಬೆಳಗಿನ ಜಾವ ಎಚ್ಚರಾಗಿ ಕೈಯಾಡಿಸಿದೆ. ಚಾದರ, ಸೀರೆ, ಗಾದಿ, ಮೂರೂ ಒದ್ದೆ. ಮುನ್ನಿ ಎಚ್ಚರವಾಗಿಯೇ ಇದ್ದಳು. ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದುಕೊಂಡು ಬಿದ್ದಿದ್ದಳು. ನಾನು ಗಾದಿ ಬೋರಲು ಹಾಕಿ, ಅವಳ ಲಂಗ ಬದಲಿಸಿ, ಚಾದರ ಎತ್ತಿಕೊಂಡು ಬಾವಿಯ ಕಡೆಗೆ ಓಡಿದೆ. ಎರಡು ಸಲ ಜಾಲಿಸಿದ್ದೆನೋ ಇಲ್ಲವೋ, ಬೆನ್ನ ಹಿಂದೆ ದೊಡ್ಡವ್ವ ನಿಂತಿದ್ದಳು. ಏನು ಮಾಡುತ್ತಿದ್ದೀ ಎಂದು ಕೇಳಿದಳು. ನಿನಗೆ ಯಾಕೆ ತ್ರಾಸು ಎಂದು ನಾನೇ ಒಗೆಯುತ್ತಿದ್ದೇನೆ ಎಂದೆ. ದೊಡ್ಡವ್ವನ ಕಣ್ಣು ತುಂಬಿ ಬಂದವು.

"ಇಷ್ಟು ವರ್ಷದಾಗ ನನ್ನ ಮನಿಗಿ ಬಂದ ಮಂದ್ಯಾಗ ಒಬ್ರಿಗಿ ಈ ಬುದ್ಧಿ ಬರ್ಲಿಲ್ಲ. ನನ್ನ ರಗತ ನಿನ್ನೊಬ್ಬಾಕಿ ಮೈಯಾಗ ಹರದದ ನೋಡು."

ಸುಳ್ಳಿನ ಫಲ ಅಲ್ಲೇ ಸಿಕ್ಕಿತು. ನನ್ನ ರಕ್ತದ ಗುಣ ಕಂಡು ಹಿಗ್ಗಿದ ದೊಡ್ಡವ್ವ, ಮನೆಯ ಚಾದರ, ತಲೆದಿಂಬಿನ ಗವಸು, ಬಾಗಿಲ ಪರದೆ, ಎಲ್ಲವನ್ನೂ ತಂದು ನನ್ನ ಮುಂದೆ ಗುಡ್ಡೆ ಹಾಕಿದಳು. ನೆತ್ತಿಯ ಮೇಲೆ ಸೂರ್ಯ ಬರುವವರೆಗೂ ನಾವಿಬ್ಬರೂ ಒಗೆದೆವು. ಶಾಂತಾಬಾಯಿಯನ್ನು ಕರೆದು, ಕಲಿಯುವುದಿದ್ದರೆ ಇವಳನ್ನು ನೋಡಿ ಕಲಿ ಎಂದು ತೋರಿಸಿದಳು. ಶಾಂತಾಬಾಯಿ ನನ್ನನ್ನು ನೋಡಿದ ನೋಟ ನನಗಿನ್ನೂ ಚುಚ್ಚುತ್ತದೆ.

ಮೂರನೆಯ ರಾತ್ರಿ ನಿದ್ದೆ ಮಾಡುವುದೇ ಬೇಡ, ಆಗಾಗ ಮುನ್ನಿಯನ್ನು ಎಬ್ಬಿಸೋಣ ಎಂದು ಗೋಡೆಗೆ ಒರಗಿ ಕೂತೆ. ಆದರೆ ಹಗಲೆಲ್ಲ ಒಗೆದ ಮೈ ಎಷ್ಟು ಹೊತ್ತು ಕೂತೀತು? ಕೂತಲ್ಲೇ ನಿದ್ದೆ ಹೋದೆ. ಬೆಳಿಗ್ಗೆ ಮತ್ತದೇ ಕತೆ. ಗಾದಿಯನ್ನು ಬೋರಲು ಹಾಕಲು ಹೋದೆ. ಹಿಂದಿನ ದಿನದ ಕಲೆ ಮೇಲೆ ಬಂತು. ಗಾದಿಗೆ ಎರಡೇ ಮಗ್ಗುಲು ಎಂಬ ಸತ್ಯ ನನಗೆ ಹೊಳೆದದ್ದು ಆಗ.

ಚಾದರ ಹೇಗೋ ಬದಲಿಸಿ ಕಲೆಯನ್ನು ಮುಚ್ಚಿದೆ. ಇನ್ನೊಂದು ದಿನ ಕಳೆದರೆ ಊರಿಗೆ ಹೊರಡಬಹುದಿತ್ತು. ಆದರೆ ಅಂದು ದೊಡ್ಡವ್ವನ ಮಾಳಿಗೆಯ ಮೇಲೆ ಓಣಿಯ ಹೆಂಗಸರೆಲ್ಲ ಕೂಡಿ ಹಪ್ಪಳ ಮಾಡುವವರಿದ್ದರು. ಬೇಸಿಗೆಯಲ್ಲಿ ಪ್ರತಿ ವರ್ಷ ಅದು ಅಲ್ಲಿಯೇ ನಡೆಯುವುದು. ಅಷ್ಟು ಸ್ವಚ್ಛ ಮಾಳಿಗೆ ಊರಲ್ಲಿ ಇನ್ನೊಂದಿಲ್ಲವಲ್ಲ! ನಾನೂ ಒಂದು ಮೂಲೆಯಲ್ಲಿ ಕೂತು ಲಟ್ಟಿಸುತ್ತಿದ್ದೆ. ಮುನ್ನಿ ಹಸಿ ಹಿಟ್ಟಿನ ಉಂಡೆ ತಿನ್ನುತ್ತ ಶಾಂತಾಬಾಯಿಯ ಮಕ್ಕಳ ಜೊತೆ ಆಡುತ್ತಿದ್ದಳು. ನಾರಾಯಣಪುರದ ಆ ಬೆಳಗಿನ ನಂತರ ಅವಳು ಬೇರೆ ಮಕ್ಕಳ ಜೊತೆ ಹಾಗೆ ಕೂಗಾಡಿ ಆಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಗ ಮೆಟ್ಟಿಲಲ್ಲಿ ಧಪ್ ಧಪ್ ಸದ್ದಾಯಿತು. ಬಿಸಿಲು ಚೆನ್ನಾಗಿದೆ ಎಂದುಕೊಂಡು ದೊಡ್ಡವ್ವ ನಮ್ಮ ಗಾದಿಯನ್ನು ತಲೆಯ ಮೇಲೆ ಹೊತ್ತು ಬಂದಿದ್ದಳು. ನಾನು ಏಳುವುದರೊಳಗೆ ಅದನ್ನು ಪ್ಯಾರಾಪೆಟ್ಟಿನ ಗೋಡೆಯ ಮೇಲೆ ಹರವಿದಳು. ಒಂದು ಮಗ್ಗುಲಿಗೆ ಹಳದಿ ಅಂಚಿನ ದೊಡ್ಡ ಕಲೆ. ಅವಳು ಒಂದು ಗಳಿಗೆ ನೋಡಿದಳು. ಗಾದಿಯನ್ನು ಮಗುಚಿದಳು. ಆ ಮಗ್ಗುಲಿಗೆ ಇನ್ನೂ ಹಸಿಯಾಗಿದ್ದ ಕಲೆ.

ಲಟ್ಟಣಿಗೆಗಳು ನಿಂತವು. ವರ್ಷಗಟ್ಟಲೆ ಧೂಳಿನ ಮಾತು ಕೇಳಿಸಿಕೊಂಡಿದ್ದ ಶಾಂತಾಬಾಯಿ ಹಿಟ್ಟಿನ ಕೈ ಒರೆಸಿಕೊಂಡು ಹತ್ತಿರ ಬಂದಳು. ಅವಳ ಮುಖದಲ್ಲಿ ಹಬ್ಬವಿತ್ತು.

"ಇದೇನ್ರಿ ಅಕ್ಕೋರ, ನಿಮ್ಮ ಮನಿ ಗಾದಿ ಮ್ಯಾಲ ನಕ್ಷಾ? ಯಾರ ಕೆಲಸರಿ ಇದು?"

ಮುನ್ನಿಯ ಕೈಯಿಂದ ಹಿಟ್ಟಿನ ಉಂಡೆ ಬಿತ್ತು. ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು. ದೊಡ್ಡವ್ವ ಮುನ್ನಿಯನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಶಾಂತಾಬಾಯಿಯ ಕಡೆಗೆ ತಿರುಗಿದಳು.

"ನಂದೇ ಕೆಲಸವ್ವ" ಎಂದಳು. "ವಯಸ್ಸಾತು. ಎಚ್ಚರ ಆಗೂದ್ರಾಗ ಆಗಿ ಹೋಗ್ತದ. ಏನು ಮಾಡ್ಲಿ?"

ಹುಮನಾಬಾದಿಗೆಲ್ಲ ಮಡಿ ಕಲಿಸಿದ ಹೆಂಗಸು, ಹತ್ತಾರು ಜನರ ನಡುವೆ, ಸೆರಗು ಸರಿಮಾಡಿಕೊಳ್ಳುತ್ತ ಆ ಮಾತು ಆಡಿದ್ದಳು. ಶಾಂತಾಬಾಯಿಯ ಮುಖದ ಹಬ್ಬ ಇಳಿದುಹೋಯಿತು. ಅವಳು ಮೆಲ್ಲಗೆ ದೊಡ್ಡವ್ವನ ತೋಳು ಹಿಡಿದು, ನನ್ನ ಅತ್ತಿಗೂ ಹಿಂಗೇ ಆಗ್ತಿತ್ರಿ, ಮನಸ್ಸಿಗಿ ಹಚ್ಗೋಬ್ಯಾಡ್ರಿ ಎಂದು ಸಮಾಧಾನ ಹೇಳಿದಳು. ದೊಡ್ಡವ್ವ ಆ ಸಮಾಧಾನವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡಳು.

ಹೆಂಗಸರೆಲ್ಲ ಇಳಿದು ಹೋದರು. ಮುನ್ನಿ ದೊಡ್ಡವ್ವನ ಹತ್ತಿರ ಬಂದು ಕೇಳಿದಳು.

"ಆಯಿ, ನೀ ಯಾಕ ಸುಳ್ಳ ಹೇಳ್ದಿ?"

ದೊಡ್ಡವ್ವ ಹಪ್ಪಳ ಮಗುಚುತ್ತಲೇ ಹೇಳಿದಳು.

"ಸುಳ್ಳ ಎಲ್ಲದ? ಗಾದಿ ನಂದು, ನೀ ನನ್ನಾಕಿ. ಮತ್ತ ಆ ಕಲೆ ಯಾರ್ದು?"

ಆ ರಾತ್ರಿ ಅವಳು ಮುನ್ನಿಯನ್ನು ತನ್ನ ಮಗ್ಗುಲಲ್ಲೇ ಹಾಕಿಕೊಂಡಳು. ಮಲಗುವ ಮೊದಲು ಬೇಕೆಂದಷ್ಟು ನೀರು ಕುಡಿಸಿದ್ದನ್ನು ನಾನೇ ಕಂಡೆ. ಬೆಳಿಗ್ಗೆ ಹಾಸಿಗೆ ಹೇಗಿತ್ತೋ ನನಗೆ ಗೊತ್ತಿಲ್ಲ, ಅವರಿಬ್ಬರೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಮುನ್ನಿ ಗೋಡೆಗೆ ಆತು ಕೂಡುವುದನ್ನು ಬಿಟ್ಟು ಕೈಕಾಲು ಚಾಚಿ ಮಲಗತೊಡಗಿದಳು. ಒದ್ದೆಯಾಗುವುದು ನಿಲ್ಲಲು ಇನ್ನೂ ಬಹಳ ಕಾಲ ಹಿಡಿಯಿತು. ಆದರೆ ಅವಳು ಅದಕ್ಕೆ ಹೆದರುವುದು ನಿಂತಿತ್ತು.

ಸುದ್ದಿ ಮಾತ್ರ ನಿಲ್ಲಲಿಲ್ಲ. ಮಾಳಿಗೆಯಿಂದ ಓಣಿಗೆ, ಓಣಿಯಿಂದ ಬಂಧುಬಳಗಕ್ಕೆ ಹೋಯಿತು. ಕೆಲವು ವರ್ಷಗಳ ಮೇಲೆ ಹುಡಗಿ ಎಂಬ ಊರಿನಲ್ಲಿ ಒಂದು ಮದುವೆ. ರಾತ್ರಿ ಹೆಂಗಸರಿಗೆಲ್ಲ ಪಡಸಾಲೆಯಲ್ಲಿ ಸಾಲಾಗಿ ಹಾಸಿದ್ದರು. ಮನೆಯೊಡತಿ ದೊಡ್ಡವ್ವನ ಹತ್ತಿರ ಬಂದು, ಯಾರಿಗೂ ಕೇಳದಂತೆ ಏನೋ ಹೇಳಿ, ಬಚ್ಚಲಿನ ಸನಿಹದ ಮೂಲೆಗೆ ಕರೆದೊಯ್ದು, ಒಂದು ಗೋಣಿತಟ್ಟು, ಅದರ ಮೇಲೊಂದು ಹರಕು ಕೌದಿ ಹಾಸಿಕೊಟ್ಟಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ನಾನು ತಡೆಯಲು ಎದ್ದೆ. ದೊಡ್ಡವ್ವ ಅಲ್ಲಿಂದಲೇ ಕಣ್ಣಿನಲ್ಲೇ ನನ್ನನ್ನು ಕೂರಿಸಿದಳು. ಪರರ ಚಾಪೆಯ ಮೇಲೆ ಕೂಡಲೂ ಒಲ್ಲದವಳು, ಆ ಕೌದಿಯ ಮೇಲೆ ಸೆರಗು ಹೊದ್ದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು.

ಮುನ್ನಿ ನನ್ನ ಪಕ್ಕದಲ್ಲಿದ್ದಳು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ತಿಳಿಯುವ ವಯಸ್ಸು. ಸ್ವಲ್ಪ ಹೊತ್ತು ಆ ಮೂಲೆಯನ್ನು ನೋಡುತ್ತಿದ್ದು, ಸದ್ದಿಲ್ಲದೆ ಎದ್ದು, ಮಲಗಿದವರನ್ನು ದಾಟುತ್ತ ಹೋಗಿ, ಆ ಗೋಣಿತಟ್ಟಿನ ಮೇಲೆ ಅಜ್ಜಿಯ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದಳು. ದೊಡ್ಡವ್ವ ತಿರುಗಿ ನೋಡಲಿಲ್ಲ. ಗೋಡೆಯ ಕಡೆಗೆ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟಳು.