ಅಕ್ಕನ ಅಂಜೂರಕ್ಕೆ ಅಪ್ಪನ ಕಂಬಳಿ

ಮನುಷ್ಯ ಎಂದ ಮೇಲೆ ಯಾರಾದರೂ ಒಬ್ಬರಿಗೆ ಹೆದರಬೇಕು. ಕೆಲವರು ದೇವರಿಗೆ ಹೆದರುತ್ತಾರೆ, ಕೆಲವರು ಹೆಂಡತಿಗೆ. ನಾನು ಹೆದರುವುದು ನಮ್ಮಕ್ಕನಿಗೆ. ನನಗೆ ಐವತ್ತು ದಾಟಿದೆ, ತಲೆಯ ಕೂದಲೆಲ್ಲ ಉದುರಿ ಬೋಳಾಗಿದೆ, ಮಧುಗಿರಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು ಎಂಬ ಕಾರಣಕ್ಕೆ ಮಕ್ಕಳು ನನ್ನನ್ನು ಕಂಡು ಹೆದರುವುದೂ ಉಂಟು. ಆದರೆ ಫೋನಿನಲ್ಲಿ ಅಕ್ಕನ ಹೆಸರು ಕಾಣಿಸಿತೆಂದರೆ ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ನಾನು ತೀರಾ ಚಿಕ್ಕವನಿದ್ದಾಗಲೇ ಅಮ್ಮ ಹೋದಳು. ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ಅವಳು ಹೊಡೆದದ್ದು ಬಹಳ ಕಡಿಮೆ. ಸುಮ್ಮನೆ ನೋಡುತ್ತಾಳೆ, ಅಷ್ಟೇ. ಆ ನೋಟಕ್ಕಿಂತ ಎರಡೇಟು ವಾಸಿ.

ಇಂಥ ಅಕ್ಕ ಒಂದು ಮಳೆಗಾಲದ ಶುರುವಿನಲ್ಲಿ ವೈ.ಎನ್.ಹೊಸಕೋಟೆಯಿಂದ ಬಸ್ಸಿನಲ್ಲಿ ಬಂದಿಳಿದಳು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಕಡ್ಡಿ. ಅದು ಅಂಜೂರದ ಕಡ್ಡಿ. ಹಿಂದೆಂದೋ ಭಾವ ಬಳ್ಳಾರಿ ಕಡೆಗೆ ಕುರಿ ಹೊಡೆದುಕೊಂಡು ಹೋಗಿದ್ದಾಗ ಯಾರದೋ ತೋಟದಿಂದ ಕೇಳಿ ತಂದು ಮನೆಯ ಮುಂದೆ ನೆಟ್ಟ ಗಿಡ ದೊಡ್ಡ ಮರವಾಗಿತ್ತು. ಭಾವ ತೀರಿಹೋದರು. ಆಮೇಲೆ ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗದ ಜೊತೆಗೆ ಮರವೂ ಹೋಯಿತು; ಅದರದೊಂದು ಕಡ್ಡಿಯನ್ನು ಅಕ್ಕ ಡಬ್ಬದಲ್ಲಿ ನೆಟ್ಟು ಉಳಿಸಿಕೊಂಡಿದ್ದಳು. ಮಗ ಹೊಸದಾಗಿ ಕಟ್ಟಿಸಿದ ಮನೆಯ ಅಂಗಳಕ್ಕೆಲ್ಲ ಸಿಮೆಂಟು. "ಅವ್ರೂ ಹೋದ್ರು, ಮರಾನೂ ಹೋಯ್ತು ಕಣ್ಲಾ. ಉಳ್ದಿರಾದು ಇದೊಂದೇ ಕಡ್ಡಿ. ನಿಮ್ಮನೆ ಮುಂದೆ ಒಂದ್ ಮಾರು ಮಣ್ಣೈತಲ್ಲ, ನೋಡ್ಕ" ಅಂದಳು. ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಕ್ಕ ಅತ್ತದ್ದನ್ನು ನಾನು ಕಂಡದ್ದು ಕಡಿಮೆ. ಆ ಕ್ಷಣದಲ್ಲಿ ಅವಳು ಕಡ್ಡಿಯ ಬದಲು ಆನೆಯನ್ನು ತಂದು ಕೊಟ್ಟಿದ್ದರೂ ಕಟ್ಟಿಹಾಕಿಕೊಳ್ಳುತ್ತಿದ್ದೆ.

ಕಷ್ಟವೇನೆಂದರೆ ನಮ್ಮದು ಕುರಿ ಕಾಯ್ದ ವಂಶ. ಬುಕ್ಕಾಪಟ್ಟಣದ ಕಡೆಯ ಕುರುಚಲು ಕಾಡಿನಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರು ಗಿಡಗಳನ್ನು ಕುರಿಗಳಿಗೆ ತಿನ್ನಿಸಿ ಬದುಕಿದರೇ ಹೊರತು ಒಂದನ್ನೂ ನೆಟ್ಟವರಲ್ಲ. ಗಿಡ ಕಂಡರೆ ಇದನ್ನು ಕುರಿ ತಿನ್ನುತ್ತದೋ ಇಲ್ಲವೋ ಎಂಬ ಒಂದೇ ಪ್ರಶ್ನೆ ನನ್ನ ತಲೆಗೂ ಮೊದಲು ಹೊಳೆಯುವುದು. ಆದರೂ ಅಂಜೂರ ನನ್ನ ಅಜ್ಞಾನವನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಚಿಗುರಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಸೊಂಟದ ಮಟ್ಟಕ್ಕೆ ಬಂದು, ಅಂಗೈ ಬಿಡಿಸಿದಂಥ ಅಗಲವಾದ ಎಲೆಗಳನ್ನು ಹೊತ್ತು ನಿಂತಿತು. ನಾನು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಅಕ್ಕನಿಗೆ ಕಳಿಸಿದೆ. ಅಕ್ಕ ಫೋನು ಮಾಡಿ, "ಗಿಡ ಚೆನ್ನಾಗೈತೆ. ನೀನ್ಯಾಕ್ಲಾ ಅಡ್ಡ ನಿಂತ್ಕಂಡಿದ್ದೀಯ?" ಎಂದಳು.

ಮಾರ್ಗಶಿರ ಬಂತು. ನಮ್ಮೂರಿನ ಚಳಿ ಅಂಥ ದೊಡ್ಡ ಚಳಿಯೇನಲ್ಲ. ಆದರೆ ಬೆಳಗಿನ ಜಾವ ಬೆಟ್ಟದ ಬಂಡೆಯನ್ನು ಸವರಿಕೊಂಡು ಬರುವ ಗಾಳಿ ಇದೆಯಲ್ಲ, ಅದು ಮೂಳೆಯನ್ನು ಹುಡುಕಿಕೊಂಡು ಬರುತ್ತದೆ. ಅಂಜೂರದ ಎಲೆಗಳು ಒಂದೊಂದಾಗಿ ಹಳದಿಯಾಗಿ ಬಿದ್ದವು. ನಾನು ದಿನಾ ಬಿದ್ದ ಎಲೆಗಳನ್ನು ನೋಡಿ ನನ್ನ ತಲೆ ಸವರಿಕೊಳ್ಳುತ್ತಿದ್ದೆ. ಉದುರುವುದರ ದುಃಖ ಉದುರಿಸಿಕೊಂಡವನಿಗೇ ಗೊತ್ತು. ಕೊನೆಗೆ ನಾಲ್ಕು ಬೂದುಬಣ್ಣದ ಕಡ್ಡಿಗಳು ಉಳಿದವು. ಚಳಿಗೆ ಗಿಡ ಸಾಯುತ್ತಿದೆ ಎಂದುಕೊಂಡೆ. ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ಹಿಮ ಬೀಳುವ ದೇಶದವನೊಬ್ಬ ತನ್ನ ಅಂಜೂರದ ಗಿಡಕ್ಕೆ ಗೋಣಿ ಸುತ್ತಿ, ಮೇಲೊಂದು ಬಕೆಟ್ಟು ಮಗುಚುತ್ತಿದ್ದ. ಅವನ ಮಾತು ಅರ್ಥವಾಗಲಿಲ್ಲ, ಮುಖದ ಕಳವಳ ಚೆನ್ನಾಗಿ ಅರ್ಥವಾಯಿತು. ಅವನಿಗೂ ಒಬ್ಬಳು ಅಕ್ಕ ಇರಬೇಕು.

ಆಗ ನೆನಪಾದದ್ದು ಅಪ್ಪ. ಚಳಿಗಾಲದಲ್ಲಿ ಸೊರಗಿದ ಮರಿ ಹುಟ್ಟಿದರೆ ಅಪ್ಪ ಅದನ್ನು ತನ್ನ ಕಂಬಳಿಯೊಳಗೆ ಸುತ್ತಿಕೊಂಡು ಮಲಗುತ್ತಿದ್ದ. ಬೆಳಿಗ್ಗೆ ಮರಿ ಕಂಬಳಿಯಿಂದ ಕತ್ತು ಹೊರಗೆ ಹಾಕಿ ಬ್ಯಾ ಎನ್ನುತ್ತಿತ್ತು. ಆ ಕಂಬಳಿ ಈಗ ನನ್ನ ಹತ್ತಿರವಿದೆ, ಚಳಿಗಾಲಕ್ಕೆ ನಾನು ಹೊದೆಯುವುದು ಅದನ್ನೇ. ಎದ್ದವನೇ ಅದನ್ನು ಅಂಜೂರಕ್ಕೆ ಸುತ್ತಿ, ಹಗ್ಗ ಬಿಗಿದು, ಗಾಳಿಗೆ ಹಾರದಂತೆ ಅಂಚಿನ ಮೇಲೆ ಸುತ್ತಲೂ ಕಲ್ಲಿಟ್ಟೆ. ನನ್ನ ಹೆಂಡತಿ ಶಾರದೆ ಬಾಗಿಲಲ್ಲಿ ನಿಂತು ನೋಡಿದಳು. ಅಂದಿನಿಂದ ನಾನು ತೆಳು ದುಪ್ಪಟಿಯಲ್ಲಿ ಮುದುರಿಕೊಂಡು ಮಲಗಿ ಕೆಮ್ಮತೊಡಗಿದಾಗ, "ಗಿಡಕ್ಕೆ ಕಂಬಳಿ, ಗಂಡಂಗೆ ಕೆಮ್ಮು. ಚೆನ್ನಾಗಿದೆ ಸಂಸಾರ" ಎಂದಷ್ಟೇ ಹೇಳಿ ಶುಂಠಿ ಕಷಾಯ ಕೊಟ್ಟಳು.

ಅಕ್ಕನ ಫೋನು ಬಂತು. "ಗಿಡ ಹೆಂಗೈತ್ಲಾ?" ನಾನು ಎದ್ದು ನಿಂತೆ. ಸತ್ತುಹೋಗಿರಬಹುದು ಎನ್ನಬೇಕಿತ್ತು. "ಮಲಗೈತೆ ಅಕ್ಕ" ಎಂದುಬಿಟ್ಟೆ. ಇಂಥ ಹಸಿ ಸುಳ್ಳಿಗೆ ಅವಳು ಬೈಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಅಕ್ಕ, "ಹೂಂ, ಮಲಗ್ಲಿ ಬುಡು. ಶಿವರಾತ್ರಿ ಕಳ್ದ ಮ್ಯಾಲೆ ಬತ್ತೀನಿ" ಎಂದು ಫೋನು ಇಟ್ಟಳು. ಅವಳ ಈ ಶಾಂತಿ ನನ್ನನ್ನು ಇನ್ನಷ್ಟು ಹೆದರಿಸಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಜನ ಕಂಬಳಿಯನ್ನು ಸುಮ್ಮನೆ ಹೊದಿಕೆ ಎಂದುಕೊಂಡವರಲ್ಲ. ಕಂಬಳಿ ಹಾಸಿ ಭಂಡಾರದ ಅರಿಶಿನ ಇಟ್ಟರೆ ಅದೇ ದೇವರ ಗದ್ದುಗೆ. ನಮ್ಮ ಬೀದಿಯ ಗಂಗಜ್ಜಿ ಬೆಳಿಗ್ಗೆ ಹಾಲು ಕೊಡಲು ಹೋಗುವವಳು, ಕಪ್ಪು ಕಂಬಳಿ ಹೊದ್ದು ಸುತ್ತ ಕಲ್ಲಿಟ್ಟುಕೊಂಡು ನಿಂತ ಆಕಾರವನ್ನು ಕಂಡು ಚಪ್ಪಲಿ ಬಿಟ್ಟು ಕೈ ಮುಗಿದಳು. ನಾನು ಓಡಿಹೋಗಿ, "ಅದು ಗಿಡ ಅಜ್ಜಿ, ಅಂಜೂರದ ಗಿಡ" ಎಂದೆ. "ಗಿಡದಾಗೇ ಕಣಪ್ಪ ಮೇಷ್ಟ್ರೇ ದೇವ್ರು ಇರಾದು" ಎಂದಳು. ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ. ಮರುದಿನ ಕಂಬಳಿಗೆ ಅರಿಶಿನ ಬಿತ್ತು, ಅದರ ಮರುದಿನ ಕುಂಕುಮ. ಅದೇ ವಾರ, ಒದೆಯುತ್ತಿದ್ದ ಗಂಗಜ್ಜಿಯ ಎಮ್ಮೆ ಸುಮ್ಮನೆ ನಿಂತು ಹಾಲು ಕೊಟ್ಟಿತಂತೆ. ಎಮ್ಮೆಗೆ ಬುದ್ಧಿ ಬಂದದ್ದಕ್ಕೆ ನನ್ನ ಅಂಜೂರಕ್ಕೆ ತೆಂಗಿನಕಾಯಿ ಒಡೆಯಲಾಯಿತು. ಬೀದಿಯ ಹೆಂಗಸರು ಸೋಮವಾರ ಸೋಮವಾರ ಬರತೊಡಗಿದರು. ಶಾರದೆ ಅವರಿಗೆಲ್ಲ ಕಾಫಿ ಕೊಟ್ಟು ಕೊಟ್ಟು ಸುಸ್ತಾದಳು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು. ಬಿಸಿಲು ಚುರುಗುಟ್ಟಲು ಶುರುವಾಯಿತು. ಒಳಗಿರುವುದು ಬದುಕಿದ್ದರೂ ಈಗ ಬೆಂದುಹೋಗುತ್ತದೆ ಎಂದು ಹಗ್ಗಕ್ಕೆ ಕೈ ಹಾಕಿದೆ. ಎಲ್ಲಿದ್ದಳೋ ಗಂಗಜ್ಜಿ, "ಮುಟ್ಬ್ಯಾಡ್ರಿ ಮೇಷ್ಟ್ರೇ! ಇಟ್ಟ ಗದ್ದುಗೆನ ಸುಮ್ಸುಮ್ನೆ ಎತ್ತಾರಾ? ಮನೆ ಹಿರೇರು ಎತ್ಬೇಕು" ಎಂದಳು. ನಮ್ಮ ಮನೆಗೆ ಹಿರಿಯರು ಎಂದರೆ ಉಳಿದಿರುವವಳು ಅಕ್ಕನೊಬ್ಬಳೇ. ಯಾರಿಂದ ಮುಚ್ಚಿಟ್ಟಿದ್ದೆನೋ ಅವರೇ ಬಂದು ತೆರೆಯಬೇಕು. ಬೈಗುಳ ಹೇಗೋ ತಡೆದುಕೊಳ್ಳಬಹುದು; ಒಣಗಿದ ಕಡ್ಡಿಯ ಮುಂದೆ ಅಕ್ಕ ಇನ್ನೊಮ್ಮೆ ಸೆರಗಿನಿಂದ ಮೂಗು ಒರೆಸಿಕೊಳ್ಳುವುದನ್ನು ನಾನು ನೋಡಲಾರೆ.

ಅಕ್ಕ ಬಂದಳು. ಬಿಸಿಲಿನಲ್ಲಿ ನಾಲ್ಕೈದು ಹೆಂಗಸರು, ಎದುರಿಗೆ ಆರತಿ ತಟ್ಟೆ ಹಿಡಿದ ಗಂಗಜ್ಜಿ, ನಡುವೆ ಅರಿಶಿನ ಕುಂಕುಮ ಮೆತ್ತಿಕೊಂಡ ಅಪ್ಪನ ಕಂಬಳಿ. ಅಕ್ಕ ಚೀಲ ಕೆಳಗಿಟ್ಟು ನನ್ನತ್ತ ನೋಡಿದಳು. ಆ ನೋಟ. ನಾನು ಮರಿ, ಚಳಿ, ಹಿಮದ ದೇಶ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮದುವೆಯಾಗಿ ಆಂಧ್ರದ ಗಡಿಯ ಪಾವಗಡದ ಸೀಮೆಗೆ ಹೋದ ಮೇಲೆ ಅಕ್ಕನಿಗೆ ಕೋಪ ಬಂದರೆ ಬಾಯಿಗೆ ತೆಲುಗು ಬರುತ್ತದೆ. "ಏಮ್ರಾ, ಚೆಟ್ಟುಕು ಚಲೇಸ್ತುಂದಾ?" ಎಂದಳು. ಗಿಡಕ್ಕೆ ಚಳಿಯಾಗುತ್ತೇನೋ ಎಂಬ ಆ ಪ್ರಶ್ನೆಗೆ ಉತ್ತರವಾಗಿ ನಾನು ಕೆಮ್ಮಿದೆ.

ಅಕ್ಕ ಕಲ್ಲುಗಳನ್ನು ಸರಿಸಿ ಹಗ್ಗ ಬಿಚ್ಚಿದಳು. ಕಂಬಳಿ ಜಾರಿತು. ಅದೇ ನಾಲ್ಕು ಬೂದು ಕಡ್ಡಿ. ನಾನು ಬೇರೆ ಕಡೆ ನೋಡಿದೆ. ಅಕ್ಕ ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರು. ಹಸಿರಿನಿಂದ ಬಿಳಿ ಹಾಲು ಒಸರಿತು. ತುದಿಯಲ್ಲಿ ಮೊನಚಾದ ಚಿಗುರು. ಅದರ ಬುಡದಲ್ಲಿ ಮೆಣಸಿನ ಕಾಳಿನಷ್ಟು ದಪ್ಪ ಒಂದು ಕಾಯಿ!

"ಚಳಿಗಾಲಕ್ಕೆ ಇದು ಎಲೆ ಉದುರುಸ್ಕಂಡು ಮಲಗ್ತೈತೆ ಕಣ್ಲಾ, ವರ್ಷಾ ವರ್ಷಾ" ಎಂದಳು ಅಕ್ಕ ಮೆಲ್ಲಗೆ. "ನಿಮ್ ಭಾವ ಯಾರ್ನೂ ಮುಟ್ಟಾಕೆ ಬುಡ್ತಿರ್ಲಿಲ್ಲ. ಮಲಗೈತೆ, ಎಬ್ಬಿಸ್ಬ್ಯಾಡ್ರಿ ಅಂತಿದ್ರು. ನೀನು ಫೋನಾಗೆ ಮಲಗೈತೆ ಅಂದಾಗ ನಂಗೆ ಅವ್ರೇ ಮಾತಾಡ್ದಂಗಾಯ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೂ ಕಣ್ಣು ತುಂಬಿತು. ಜೀವಮಾನದಲ್ಲಿ ಅಕ್ಕನಿಗೆ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅಕ್ಷರಶಃ ನಿಜವಾಗಿತ್ತು. ಈ ವಿಷಯವನ್ನು ಅವಳಿಗೆ ಇವತ್ತಿಗೂ ತಿಳಿಸಿಲ್ಲ, ನೀವೂ ತಿಳಿಸಬೇಡಿ.

ನನಗೆ ಮತ್ತೆ ಕೆಮ್ಮು ಬಂತು. ಅಕ್ಕ ಕಂಬಳಿಯನ್ನು ಒಮ್ಮೆ ಒದರಿ ನನ್ನ ತಲೆಯ ಮೇಲಿಂದ ಹೊದಿಸಿ, "ಗಿಡ ಚಿಗುರ್ತೈತೆ. ಈ ಬುಲ್ಡೆ ಚಿಗುರಾದಿಲ್ಲ, ಮುಚ್ಕ" ಎಂದಳು. ಅಷ್ಟರಲ್ಲಿ ಗಂಗಜ್ಜಿ ಕರ್ಪೂರ ಹಚ್ಚಿಬಿಟ್ಟಿದ್ದಳು. ಹಚ್ಚಿದ ಆರತಿಯನ್ನು ಸುಮ್ಮನೆ ಆರಿಸುವುದುಂಟೆ? ದೇವರು ಕಂಬಳಿಯ ಜೊತೆಗೇ ಹೋಗುತ್ತಾನೆ ಎಂದು ತೀರ್ಮಾನಿಸಿ, ತಟ್ಟೆಯನ್ನು ನನ್ನ ಮುಖಕ್ಕೇ ಎತ್ತಿದಳು. ಹೆಂಗಸರು ಕೈ ಮುಗಿದರು. ಬಾಗಿಲಲ್ಲಿ ಶಾರದೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದಳು. ಓಡಿಹೋಗೋಣ ಎಂದು ಕಾಲೆತ್ತಿದೆ. "ಅಲ್ಲಾಡ್ಬ್ಯಾಡ" ಎಂದಳು ಅಕ್ಕ.

ನಾನು ಅಲ್ಲಾಡಲಿಲ್ಲ. ಗುಡಿಯಲ್ಲಿರುವ ದೇವರುಗಳೂ ಹೀಗೇ, ಯಾರೋ ಒಬ್ಬಳು ಅಕ್ಕನಿಗೆ ಹೆದರಿಕೊಂಡು ನಿಂತಿರಬಹುದೆ ಎಂಬ ಅನುಮಾನ ಅಂದಿನಿಂದ ನನಗಿದೆ.