ಬೆಳೆಯುವ ಮಗಳಿಗೊಂದು ಬಂದೂಕು

ಊರಿನವರಿಗೆಲ್ಲ ಕಾಲಿಂಚು ಹೆಚ್ಚುಕಡಿಮೆಯಾಗದ ಹಾಗೆ ಬಟ್ಟೆ ಹೊಲಿದುಕೊಡುವ ಟೇಲರ್ ಮಾಸ್ಟರರು ಮನೆಯವರಿಗೆ ಮಾತ್ರ ಅಂದಾಜಿನಲ್ಲಿ ಹೊಲಿಯುತ್ತಿದ್ದರು. ಅದರಲ್ಲೂ ಮಗಳ ವಿಷಯದಲ್ಲಿ ಅವರದೊಂದು ಅಚಲ ಸಿದ್ಧಾಂತವಿತ್ತು: ಬೆಳೆಯುವ ಮಗು, ಎರಡಿಂಚು ಜಾಸ್ತಿಯೇ ಇರಲಿ. ಈ ಸಿದ್ಧಾಂತದ ಪ್ರಸಾದವಾಗಿ ಆ ಹುಡುಗಿ ಹುಟ್ಟಿದಾಗಿನಿಂದ ಮುಂದಿನ ವರ್ಷದ ಬಟ್ಟೆಯನ್ನೇ ತೊಟ್ಟುಕೊಂಡು ಬಂದಿದ್ದಳು. ಅಂಗಿಯೊಂದು ಅವಳ ಮೈಗೆ ಸರಿಯಾಗಿ ಕೂರುವ ಶುಭದಿನ ಬರುವ ಹೊತ್ತಿಗೆ ಅದರ ಮೊಣಕೈ ಹರಿದಿರುತ್ತಿತ್ತು. (ಹರಿಯದಿದ್ದರೆ ಕಳೆದುಹೋಗಿರುತ್ತಿತ್ತು. ಹೇಗೆ ಕಳೆಯಿತು ಎಂಬುದರ ಬಗ್ಗೆ ತಾಯಿ, ಮಗಳು ಇಬ್ಬರೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.)

"ರೀ, ಹುಡುಗಿಗೆ ಹದಿನೈದಾಯ್ತು. ಇನ್ನೆಷ್ಟು ಬೆಳೀತಾಳೆ? ಸೂರು ತಾಗೋವರೆಗಾ?" ಎಂದು ಹೆಂಡತಿ ಕೇಳುವುದಿತ್ತು. ಆಕೆ ಆಸ್ಪತ್ರೆಯಲ್ಲಿ ನರ್ಸು. ಹನಿ ಲೆಕ್ಕದಲ್ಲಿ ಔಷಧಿ ಕೊಡುವ ಕೈಗೆ ಗಂಡನ ಈ ಧಾರಾಳತನ ಸರಿಬರುತ್ತಿರಲಿಲ್ಲ.

ಆದರೆ ಮಾಸ್ಟರರ ಸಂಕಟ ಬಟ್ಟೆಯದಲ್ಲ, ಮಾತಿನದು. ಚಿಕ್ಕವಳಿದ್ದಾಗ ಹೊಲಿಗೆ ಮೆಷಿನ್ನಿನ ಕೆಳಗೆ ಕೂತು, ಉದುರಿದ ಬಟ್ಟೆತುಂಡು ಆಯುತ್ತ, ಗಂಟೆಗೆ ನೂರು ಪ್ರಶ್ನೆ ಕೇಳುತ್ತಿದ್ದ ಪುಟ್ಟಿ ಈಗೊಂದು ವರ್ಷದಿಂದ ಅಪ್ಪನ ಪಾಲಿಗೆ ದಿನಕ್ಕೆ ಮೂರೇ ಮಾತು ಉಳಿಸಿದ್ದಳು: 'ಹೂಂ', 'ಉಹೂಂ', 'ಆಮೇಲೆ'. ಮಾಸ್ಟರರು ಈ ನೋವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಅದರ ಬದಲು ಬ್ಯಾಂಕಿನ ಮ್ಯಾನೇಜರರ ಪ್ಯಾಂಟಿಗೆ ಮೊಣಕಾಲಿನ ಹತ್ತಿರ ಜೇಬು ಇಟ್ಟುಕೊಟ್ಟರು.

ಹೀಗಿರುವಾಗ ಒಂದು ಸಂಜೆ ಪುಟ್ಟಿ ತಾನಾಗಿಯೇ ಅಂಗಡಿಗೆ ಬಂದು, ಇಸ್ತ್ರಿ ಮೇಜಿಗೆ ಒರಗಿ ನಿಂತು, "ಅಪ್ಪಾ, ಸ್ಕೂಲಲ್ಲಿ ರೈಫಲ್ ಟೀಮ್ ಶುರು ಮಾಡ್ತಿದಾರೆ. ಮೊದಲು ಕ್ಲಬ್ಬಲ್ಲಿ ಕಲೀಬೇಕು, ಮನೆಯಿಂದ ದೊಡ್ಡವರು ಒಬ್ಬರು ಜೊತೆಗಿರಬೇಕಂತೆ. ನೀನು ಬರ್ತೀಯಾ?" ಎಂದಳು.

ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಮಾಸ್ಟರರು ನುಂಗುವುದೊಂದು ಬಾಕಿ. "ಬರದೆ ಏನು, ನಾನೇ ಕಲಿಸ್ತೀನಿ! ನಿಮ್ಮಪ್ಪನ ಹತ್ತಿರ ಕಲಿಯದೆ ಇನ್ಯಾರ ಹತ್ತಿರ ಕಲೀತೀಯ?" ಎಂದು ಗೋಡೆಯ ಕಡೆ ಕೈ ತೋರಿಸಿದರು.

ಗೋಡೆಯ ಮೇಲೊಂದು ಫೋಟೋ ಇತ್ತು. ಇಪ್ಪತ್ತು ವರ್ಷದ ಮಾಸ್ಟರರು ಸಮವಸ್ತ್ರ ತೊಟ್ಟು, ಎದೆಗೆ ಅಡ್ಡಲಾಗಿ ಬಂದೂಕು ಹಿಡಿದು, ದೇಶವೇ ತಮ್ಮ ಹೆಗಲ ಮೇಲಿದೆ ಎಂಬ ಹಾಗೆ ನಿಂತಿದ್ದರು. ಕಾರ್ಖಾನೆಯ ಕಾವಲುಗಾರರಿಗೆ ಬಟ್ಟೆ ಹೊಲಿಯಲು ಹೋದಾಗ ತೆಗೆಸಿಕೊಂಡ ಚಿತ್ರ ಅದು. ಬಂದೂಕಿನ ಒಡೆಯ ಪಕ್ಕದಲ್ಲೇ ಚಹಾ ಕುಡಿಯುತ್ತ ನಗುತ್ತಿದ್ದ. ಅವನನ್ನು ಕತ್ತರಿಸಿ ತೆಗೆದು ಚೌಕಟ್ಟು ಹಾಕಿಸಲಾಗಿತ್ತು. ಮಾಸ್ಟರರು ಜೀವಮಾನದಲ್ಲಿ ಒಂದು ಗುಂಡನ್ನೂ ಹಾರಿಸಿದವರಲ್ಲ. ಆದರೆ ಫೋಟೋದ ಕಥೆ ವರ್ಷವರ್ಷವೂ ಪುಟ್ಟಿಗಿಂತ ವೇಗವಾಗಿ ಬೆಳೆದು, ಅವರು ದೊಡ್ಡ ಗುರಿಕಾರರೆಂದು ಗಿರಾಕಿಗಳೆಲ್ಲ ನಂಬಿದ್ದರು. ಮಾಸ್ಟರರ ಲೆಕ್ಕದಲ್ಲಿ ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

"ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ," ಎಂದಳು ಆಕೆ, ಪಾತ್ರೆ ಒರೆಸುತ್ತ. "ಇದು ಬಂದೂಕು, ಅಂಗಿ ಗುಂಡಿ ಅಲ್ಲ."

"ಹೇಳಿದ್ರೆ ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತಾಳೆ ಕಣೇ. ಒಂದು ವರ್ಷ ಆದ್ಮೇಲೆ ತಾನಾಗಿ ಬಾಯಿಬಿಟ್ಟು ಕೇಳಿದಾಳೆ. ಇದನ್ನೂ ಕಳ್ಕೊಳ್ಲಾ?"

ಗಂಡನ ದನಿ ಸಣ್ಣದಾದದ್ದನ್ನು ಕಂಡು ಆಕೆ ಒರೆಸಿದ ಪಾತ್ರೆ ಕೆಳಗಿಟ್ಟಳು. "ಹಾಗಾದ್ರೆ ನಾನೂ ಬರ್ತೀನಿ. ಬ್ಯಾಂಡೇಜು ತರ್ತೀನಿ," ಎಂದಷ್ಟೇ ಹೇಳಿದಳು.

ಬಂದೂಕಿನ ಅಂಗಡಿ ಕೋರ್ಟಿನ ಹಿಂದಿನ ಓಣಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಇತ್ತು. ಅದನ್ನು ನಡೆಸುತ್ತಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು. ಹಿಂದೆ ಶಾಲೆಯಲ್ಲಿ ಆಟದ ಟೀಚರಾಗಿದ್ದು, ಈಗ ವಾರವೆಲ್ಲ ಅಂಗಡಿ, ಭಾನುವಾರ ರೈಫಲ್ ಕ್ಲಬ್ಬು ನೋಡಿಕೊಳ್ಳುತ್ತಿದ್ದರು. ಅವರ ಕಣ್ಣಿಗೆ ಬಿದ್ದರೆ ಯಾರಿಗಾದರೂ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

"ಮಗಳಿಗೆ ಮೊದಲನೇ ಬಂದೂಕು. ಗಟ್ಟಿಮುಟ್ಟಾಗಿರೋದು ತೋರಿಸಿ," ಎಂದರು ಮಾಸ್ಟರರು. ಕೌಂಟರಿನ ಮೇಲೆ ಇಟ್ಟದ್ದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡುವ ಸೀರೆ ವ್ಯಾಪಾರದ ಧಾಟಿಯಲ್ಲಿ ಬಾಗಿಲ ಕಡೆ ತಿರುಗಿದರು. ನಳಿಗೆಯೂ ಅವರ ಜೊತೆ ತಿರುಗಿತು. ಅದು ಸಾಗಿದ ದಾರಿಯಲ್ಲಿ ಮೊದಲು ಟೀಚರು ಬಾಗಿದರು, ಆಮೇಲೆ ಹೆಂಡತಿ ಕೂತಳು, ಕೊನೆಗೆ ಎದುರು ಓಣಿಯಲ್ಲಿ ಸೈಕಲ್ ನಿಲ್ಲಿಸಿಕೊಂಡಿದ್ದ ಪೋಸ್ಟ್‌ಮ್ಯಾನ್ ಆ ದಿನ ಕಾಗದ ಹಂಚುವುದನ್ನೇ ಬಿಟ್ಟು ಹೊರಟುಹೋದ.

"ಅಪ್ಪಾ, ಬೆರಳು!" ಎಂದು ಪುಟ್ಟಿ ಕೂಗಿದಳು.

"ಮಾಸ್ಟ್ರೇ, ನಳಿಗೆ ಆ ಮಣ್ಣಿನ ಚೀಲದ ಕಡೆ," ಎಂದರು ಟೀಚರು, ಎದ್ದು ನಿಂತು. "ಬೆರಳು ಕುದುರೆ ಮೇಲಲ್ಲ, ಅಂದ್ರೆ ಟ್ರಿಗರ್ ಮೇಲಲ್ಲ, ಹೊರಗೆ. ಗುರಿ ನೋಡಿ ಹೊಡೀಬೇಕು ಅಂತ ತೀರ್ಮಾನ ಮಾಡೋವರೆಗೂ ಹೊರಗೇ."

"ಇದರಲ್ಲಿ ಗುಂಡಿಲ್ವಲ್ಲಾ?"

"ತೆರೆದು ನೋಡಿದ್ರಾ?"

"ನಿಮ್ಮಂಥ ದೊಡ್ಡವರ ಅಂಗಡಿ, ಅನುಮಾನ ಪಡೋಕಾಗುತ್ತಾ?"

"ಪಡಬೇಕು. ನನ್ನನ್ನೂ ನಂಬಬಾರದು, ನಿಮ್ಮನ್ನೂ ನಂಬಬಾರದು. ನಿಮ್ಮನ್ನಂತೂ ಖಂಡಿತ ನಂಬಬಾರದು."

ಆಮೇಲೆ ಟೀಚರು ಒಂದು ಪುಟ್ಟ ರೈಫಲ್ ಹೊರತೆಗೆದು, ತೆರೆದು, ಖಾಲಿ ಇರುವುದನ್ನು ಮೂವರಿಗೂ ತೋರಿಸಿ ಪುಟ್ಟಿಯ ಕೈಗೆ ಕೊಟ್ಟರು. "ಕಲಿಯೋರಿಗೆ ಇದು. ಒಂದು ಸಲಕ್ಕೆ ಒಂದೇ ಗುಂಡು. ಹೊಡೆದ ಮೇಲೆ ತೆರೀಬೇಕು, ಇನ್ನೊಂದು ಹಾಕ್ಬೇಕು. ಅಷ್ಟು ಹೊತ್ತಿಗೆ ಯೋಚನೆ ಮಾಡೋಕೆ ಪುರುಸೊತ್ತು ಸಿಗುತ್ತೆ. ಸದ್ದೂ ಕಡಿಮೆ, ಒದೆಯೂ ಕಡಿಮೆ. ದೊಡ್ಡ ಬಂದೂಕು ಒದ್ದರೆ ಮಕ್ಕಳು ಕಣ್ಣು ಮುಚ್ಚೋದು ಕಲೀತಾರೆ. ಆಮೇಲೆ ಅದನ್ನ ಬಿಡಿಸೋಕೆ ವರ್ಷ ಬೇಕು."

ಇಲ್ಲಿಯವರೆಗೆ ಮುದುಡಿ ನಿಂತಿದ್ದ ಮಾಸ್ಟರರಿಗೆ 'ಅಳತೆ' ಎಂಬ ಮಾತು ಕಿವಿಗೆ ಬಿದ್ದದ್ದೇ ಜೀವ ಬಂತು. ಮೊಣಕೈ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದು, ಬಂದೂಕಿನ ಮರದ ಹಿಂಭಾಗ ಅಷ್ಟೇ ಉದ್ದವಿರಬೇಕು ಎಂದು ಟೀಚರು ಹೇಳುತ್ತಿದ್ದಂತೆ ಅವರ ಕೊರಳಿನ ಟೇಪು ಕೈಗೆ ಇಳಿದಿತ್ತು. "ಹನ್ನೆರಡೂವರೆ," ಎಂದರು. ಟೀಚರೂ ಅಳೆದರು. ಹನ್ನೆರಡೂವರೆಯೇ. "ಪರವಾಗಿಲ್ವೇ!" ಎಂದು ಟೀಚರು ಮೆಚ್ಚಿಕೊಂಡರು. ಅಲ್ಲಿಗೆ ನಿಲ್ಲಿಸಿದ್ದರೆ ಮಾಸ್ಟರರ ಮಾನ ಉಳಿಯುತ್ತಿತ್ತು.

"ಹನ್ನೆರಡೂವರೆ, ಮೇಲೆ ಎರಡು. ಹದಿನಾಲ್ಕೂವರೆಯದು ಕೊಡಿ," ಎಂದು ಗೋಡೆಗೆ ಒರಗಿದ್ದ ದೊಡ್ಡ ರೈಫಲಿನತ್ತ ಕೈ ಚಾಚಿದರು.

"ಎರಡು ಯಾಕೆ?"

"ಬೆಳೆಯೋ ಮಗು ಮೇಡಂ."

ಪುಟ್ಟಿ ಕೈಯಲ್ಲಿದ್ದ ಪುಟ್ಟ ರೈಫಲನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟಳು. "ಬೇಡ ಬಿಡಪ್ಪಾ. ಆಮೇಲೆ ನೋಡೋಣ," ಎಂದಳು. ಆ 'ಆಮೇಲೆ' ಮಾಸ್ಟರರಿಗೆ ಎದೆಗೆ ನಾಟಿತು. ಆದರೆ ಎಲ್ಲಿ ತಪ್ಪಿತು ಎಂಬುದು ಮಾತ್ರ ಹೊಳೆಯಲಿಲ್ಲ.

"ಮಾಸ್ಟ್ರೇ," ಎಂದರು ಟೀಚರು, "ಬಟ್ಟೆ ದೊಡ್ಡದಾದ್ರೆ ನೀವು ಅದನ್ನ ಮಡಚಬಹುದು. ಬಂದೂಕು ದೊಡ್ಡದಾದ್ರೆ ಅದು ನಿಮ್ಮನ್ನ ಮಡಚುತ್ತೆ. ನಾಳೆ ಕ್ಲಬ್ಬಿಗೆ ಬನ್ನಿ, ಎರಡನ್ನೂ ಹೊಡೆದು ನೋಡಿ. ಹೊಡೆದು ನೋಡದವರಿಗೆ ನಾನು ಮಾರೋದಿಲ್ಲ."

ಕ್ಲಬ್ಬು ಎಂದರೆ ಊರಾಚೆಯ ಹಳೇ ಕಲ್ಲುಗಣಿ. ಎದುರಿಗೆ ಮನೆಯೆತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಸಾಲಾಗಿ ಗುರಿಹಲಗೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಂಡ ಮೇಲೆ ಟೀಚರು, "ಮೊದಲು ಯಾರು?" ಎಂದರು.

ಮಾಸ್ಟರರು ದೊಡ್ಡ ರೈಫಲ್ ಕೇಳಿ ತೆಗೆದುಕೊಂಡು ಮುಂದೆ ಬಂದರು.

"ಮೊದಲು ಹೊಡೆದು ಅಭ್ಯಾಸ ಇದೆಯಾ?"

ಹಿಂದಿನಿಂದ ಹೆಂಡತಿಯ ಕೆಮ್ಮು ಕೇಳಿತು. ಪುಟ್ಟಿ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು.

"ಬಿಟ್ಟು ಬಹಳ ದಿನ ಆಯ್ತು," ಎಂದರು ಮಾಸ್ಟರರು.

ಟೀಚರು ಒಂದೇ ಒಂದು ಗುಂಡು ಕೊಟ್ಟು, ಬೆನ್ನ ಹಿಂದೆಯೇ ನಿಂತು, ನಳಿಗೆ ದಿಬ್ಬ ಬಿಟ್ಟು ಎಲ್ಲಿಯೂ ಹೋಗದಂತೆ ಕೈ ಅಡ್ಡವಿಟ್ಟರು. ಮಾಸ್ಟರರ ಕೈ ಮೊದಲೇ ಗಿಡ್ಡ. ಬಂದೂಕಿನ ಹಿಂಭಾಗ ಭುಜಕ್ಕೆ ಕೂರದೆ ತೋಳಿನ ಮೇಲೆ ಕೂತಿತ್ತು. ಅವರು ಎರಡೂ ಕಣ್ಣು ಮುಚ್ಚಿ ಕುದುರೆ ಎಳೆದರು.

ಢಮಾರ್! ಕಣ್ಣು ತೆರೆದಾಗ ಮಾಸ್ಟರರು ನೆಲದ ಮೇಲೆ ಕೂತಿದ್ದರು. ಕಿವಿಯ ಮುಚ್ಚಳ ಮೂಗಿನ ಮೇಲೆ ಬಂದಿತ್ತು. ಬಂದೂಕು ಮಾತ್ರ ಟೀಚರ ಕೈಯಲ್ಲಿ ಸುರಕ್ಷಿತವಾಗಿ ದಿಬ್ಬವನ್ನೇ ನೋಡುತ್ತಿತ್ತು. ಗುರಿಹಲಗೆಗೆ ಕೂದಲೂ ಕೊಂಕಿರಲಿಲ್ಲ.

ಹೆಂಡತಿ ಓಡಿಬಂದು ತೋಳು ಒತ್ತಿ ನೋಡಿದಳು. "ಮೂಳೆ ಸರಿಯಿದೆ. ಮಿಕ್ಕಿದ್ದಕ್ಕೆ ನಮ್ಮ ಆಸ್ಪತ್ರೆಯಲ್ಲಿ ಔಷಧಿ ಇಲ್ಲ."

ಪುಟ್ಟಿಯ ಸರದಿ ಬಂತು. ಅವಳು ಪುಟ್ಟ ರೈಫಲನ್ನು ಭುಜಕ್ಕೆ ಒತ್ತಿಕೊಂಡು ಕೆನ್ನೆ ತಾಗಿಸಿದಳು. ನೆಲದ ಮೇಲೆ ಕೂತಲ್ಲಿಂದಲೇ ಮಾಸ್ಟರರು ನೋಡಿದರು. ಕಸುಬಿನ ಕಣ್ಣು, ಸುಳ್ಳು ಹೇಳುವುದಿಲ್ಲ. ಭುಜ, ಕೆನ್ನೆ, ಮೊಣಕೈ, ಬೆರಳು ಯಾವುದರಲ್ಲೂ ಒಂದೆಳೆ ಸಡಿಲವಿರಲಿಲ್ಲ. ಹದಿನೈದು ವರ್ಷದಲ್ಲಿ ಮಗಳ ಮೈಗೆ ಸರಿಯಾಗಿ ಹೊಂದಿದ ವಸ್ತುವನ್ನು ಅವರು ನೋಡಿದ್ದು ಇದೇ ಮೊದಲು. ಮುಂದಿನ ವರ್ಷದ ಹುಡುಗಿಗೆ ಹೊಲಿಯುತ್ತ ಹೊಲಿಯುತ್ತ ಈ ವರ್ಷದವಳನ್ನು ತಾವು ನೋಡಿಯೇ ಇರಲಿಲ್ಲ ಎಂದು ಅವರಿಗೆ ಅನ್ನಿಸಿತು. ಅಷ್ಟರಲ್ಲಿ ಮೂರನೆಯ ಗುಂಡು ನಡುವಿನ ಕಪ್ಪು ವೃತ್ತಕ್ಕೆ ಹೋಗಿ ಬಿತ್ತು.

ಅವಳು ರೈಫಲ್ ತೆರೆದಿಟ್ಟು ಪಕ್ಕಕ್ಕೆ ಬಂದಾಗ ಮಾಸ್ಟರರು ಮಣ್ಣು ಕೊಡವಿಕೊಳ್ಳುತ್ತ, "ಪುಟ್ಟಿ, ಆ ಫೋಟೋ ಇದೆಯಲ್ಲ..." ಎಂದರು.

"ಗೊತ್ತಪ್ಪಾ. ಯೂನಿಫಾರ್ಮಿನ ತೋಳಲ್ಲಿ ಗುಂಡುಸೂಜಿ ಕಾಣುತ್ತೆ. ಮೂರನೇ ಕ್ಲಾಸಲ್ಲೇ ಕಂಡುಹಿಡಿದಿದ್ದೆ."

"ಮತ್ತೆ ನನ್ನ ಯಾಕೆ ಕೇಳಿದೆ?"

"ಗೊತ್ತಿರೋರು ಬಂದ್ರೆ ತಲೆ ತಿಂತಾರೆ. ನನಗೂ ಬರಲ್ಲ, ನಿನಗೂ ಬರಲ್ಲ. ಒಟ್ಟಿಗೆ ಕಲಿಯೋಣ ಅಂತ ಕೇಳಿದೆ. ನೀನು ನೋಡಿದ್ರೆ ಮೇಷ್ಟ್ರಾಗೋಕೆ ಹೊರಟೆ."

ಪುಟ್ಟ ರೈಫಲ್ಲೇ ನಿಶ್ಚಯವಾಯಿತು. ಕಾಗದಪತ್ರ ಹೆಂಡತಿಯ ಹೆಸರಿಗಾದವು; ಜವಾಬ್ದಾರಿಯುತ ವ್ಯಕ್ತಿ ಯಾರು ಎಂದು ಟೀಚರು ಕೇಳಿದಾಗ ಮಾಸ್ಟರರ ಕಡೆ ಯಾರೂ ತಿರುಗಿ ಸಹ ನೋಡಲಿಲ್ಲ. ಅಪ್ಪ ಮಗಳಿಬ್ಬರ ತೋಳಿಗೂ ಕಲಿಯುವವರ ಹಳದಿ ಪಟ್ಟಿ ಬಂತು. ಪರೀಕ್ಷೆ ಪಾಸಾದರೆ ಕೆಂಪು ಪಟ್ಟಿ. ಕೆಂಪು ಪಟ್ಟಿಯವರು ಪಕ್ಕದಲ್ಲಿ ನಿಲ್ಲದೆ ಹಳದಿಯವರು ಬಂದೂಕು ಮುಟ್ಟುವ ಹಾಗಿಲ್ಲ. ಆರು ವಾರಕ್ಕೆ ಪುಟ್ಟಿ ಹತ್ತಕ್ಕೆ ಹತ್ತು ತೆಗೆದು ಕೆಂಪಾದಳು. ಮಾಸ್ಟರರು ಆ ವಾರ ಜ್ವರವೆಂದು ಪರೀಕ್ಷೆಗೆ ಕೂರಲಿಲ್ಲ.

ಅಲ್ಲಿಂದ ಅವರ ಭಾನುವಾರಗಳಿಗೆ ಹೊಸ ಕಳೆ ಬಂತು. "ಅಪ್ಪಾ, ನಳಿಗೆ! ಅಪ್ಪಾ, ಉಸಿರು ಬಿಡು! ಅಪ್ಪಾ, ಕಣ್ಣು ತೆಗಿ!" ಎಂದು ಮಗಳು ಪಕ್ಕದಲ್ಲಿ ನಿಂತು ಗದರಿಸುತ್ತಿದ್ದಳು. ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಾಗ ತಾನಾಗಿಯೇ ಬಾಯಿ ತೆರೆಯುತ್ತಿದ್ದಳು. ಮುನಿಸಿಕೊಂಡ ಗೆಳತಿ, ಅರ್ಥವಾಗದ ಗಣಿತ, ಮುಂದೇನು ಓದಲಿ ಎಂಬ ಭಯ, ಎಲ್ಲವೂ ಹೊರಬರುತ್ತಿತ್ತು. ಮಾಸ್ಟರರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಬಂದೂಕು ಹಿಡಿದಾಗ ಬಾರದ ಏಕಾಗ್ರತೆ ಅವರಿಗೆ ಆಗ ಬರುತ್ತಿತ್ತು.

ಆದರೆ ಪರೀಕ್ಷೆಯನ್ನು ಎಷ್ಟು ದಿನ ತಪ್ಪಿಸುವುದು? ತಾವೂ ಕೆಂಪಾದರೆ ಪುಟ್ಟಿ ಪಕ್ಕದಲ್ಲಿ ನಿಲ್ಲುವ ಅಗತ್ಯವಿರಲಿಲ್ಲ. ಶಾಲೆಯ ಟೀಮಿನ ಸಾಲಿಗೆ ಹೋಗಿಬಿಡುತ್ತಿದ್ದಳು. ಕೊನೆಗೆ ಟೀಚರು ಹಿಡಿದು ಕೂರಿಸಿದ ದಿನ ಮಾಸ್ಟರರು ಒಂದು ಮಹಾ ಉಪಾಯ ಮಾಡಿದರು. ಹತ್ತು ವಾಕ್ಯ, ಪ್ರತಿಯೊಂದರ ಮುಂದೆ 'ಸರಿ' ಅಥವಾ 'ತಪ್ಪು' ಬರೆಯಬೇಕು. ಪಾಸಾಗಲು ಎಂಟು ಬೇಕು. ಅವರು ಬೇಕೆಂದೇ ಮೂರನ್ನು ತಪ್ಪಾಗಿ ಬರೆದು, ತಿದ್ದಿ ಕೊಟ್ಟ ಹಾಳೆಯನ್ನು ಬಿಡಿಸಿಯೂ ನೋಡದೆ ಜೇಬಿಗಿಟ್ಟುಕೊಂಡು ಬಂದರು.

"ಫೇಲ್ ಅಂತೆ?" ಎಂದಳು ಹೆಂಡತಿ ಮಧ್ಯಾಹ್ನ, ಒಗೆಯಲು ಅಂಗಿ ತೆಗೆದುಕೊಳ್ಳುತ್ತ.

ಮಾಸ್ಟರರು ಮಗಳ ಕೋಣೆಯ ಕಡೆ ನೋಡಿ ಪಿಸುಗುಟ್ಟಿದರು. "ಬೇಕಂತಲೇ ಆದದ್ದು ಕಣೇ. ಯಾರಿಗೂ ಹೇಳ್ಬೇಡ. ಮೂರಕ್ಕೆ ಗೊತ್ತಿದ್ದೂ ಉಲ್ಟಾ ಬರೆದೆ. ಪಾಸಾದ್ರೆ ಅವಳು ಪಕ್ಕದಲ್ಲಿ ಇರಲ್ವಲ್ಲ."

ಆಕೆ ಒಂದು ಗಳಿಗೆ ಗಂಡನ ಮುಖ ನೋಡಿದಳು. ಕಣ್ಣು ತೇವವಾದ ಹಾಗಿತ್ತು. ಆಮೇಲೆ ಜೇಬಿನಿಂದ ಹಾಳೆ ತೆಗೆದು ಬಿಡಿಸಿದಳು. "ಯಾವ ಮೂರು?"

"ಮೂರು, ಆರು, ಒಂಬತ್ತು."

"ಆರು... 'ಬಂದೂಕನ್ನೂ ಗುಂಡುಗಳನ್ನೂ ಬೇರೆ ಬೇರೆ ಕಡೆ ಬೀಗ ಹಾಕಿ ಇಡಬೇಕು.' ಇದಕ್ಕೆ ಏನು ಬರೆದ್ರಿ?"

"'ಸರಿ' ಅಂತ. ಸೂಜಿ ಒಂದು ಕಡೆ, ದಾರ ಒಂದು ಕಡೆ ಇಟ್ರೆ ಕೆಲಸ ಸಾಗುತ್ತಾ? ತಪ್ಪು ಅಂತ ಚೆನ್ನಾಗಿ ಗೊತ್ತಿದ್ದೇ ಸರಿ ಅಂತ ಬರೆದೆ."

ಹೆಂಡತಿ ಅಂಗಿಯನ್ನು ಬಾಯಿಗೆ ಒತ್ತಿಕೊಂಡು ಕುರ್ಚಿಯ ಮೇಲೆ ಕುಸಿದಳು. ನಗು ತಡೆದು ಮಾತು ಹೊರಡಿಸಲು ಸ್ವಲ್ಪ ಹೊತ್ತು ಬೇಕಾಯಿತು. "ರೀ, ಹತ್ತರಲ್ಲಿ ನಿಮಗೆ ನಾಲ್ಕು ಬಂದಿದೆ. ಆ ನಾಲ್ಕರಲ್ಲಿ ಮೂರು ಇವೇ!"

ಮಾಸ್ಟರರು ಬೆರಳು ಮಡಿಚಿ ಲೆಕ್ಕ ಹಾಕಿದರು. "ಹಾಗಾದ್ರೆ ನಿಯತ್ತಾಗಿ ಬರೆದಿದ್ರೆ?"

"ಒಂದು."

ಕೋಣೆಯ ಬಾಗಿಲು ತೆರೆಯಿತು. ಪುಟ್ಟಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂಬುದು ಅವಳ ತುಟಿಯ ಅಂಚಿನಲ್ಲೇ ಕಾಣುತ್ತಿತ್ತು. "ಅಪ್ಪಾ, ಪುಸ್ತಕ ತಗೊಂಡು ಒಳಗೆ ಬಾ. ಮೊದಲನೇ ಪಾಠದಿಂದ ಶುರು ಮಾಡೋಣ. ಮತ್ತೆ, ಪಾಸಾದ್ರೂ ನಾನು ಭಾನುವಾರ ನಿನ್ನ ಜೊತೇನೇ ಇರ್ತೀನಿ. ನಿನ್ನ ಒಬ್ಬನ್ನೇ ಬಿಟ್ರೆ ಕ್ಲಬ್ಬಿನವರ ಗತಿ ಏನು?"

ಮಾಸ್ಟರರು ಪೆನ್ಸಿಲ್ ಹುಡುಕಿಕೊಂಡು ಮಗಳ ಕೋಣೆಗೆ ಹೋದರು. ಆ ಮಧ್ಯಾಹ್ನವೆಲ್ಲ ಅಲ್ಲಿಂದ ಬೈಗುಳ ಕೇಳಿಬರುತ್ತಿತ್ತು. ಅಷ್ಟು ಸುಖದ ಮಧ್ಯಾಹ್ನವನ್ನು ಅವರು ಎಷ್ಟೋ ದಿನದಿಂದ ಕಂಡಿರಲಿಲ್ಲ.